ಎರಡು ಹಳೇ ಕಾರು ಕೊಟ್ಟು ಒಂದು ಏಳು ಸೀಟಿನ ಎಸ್‌ಯುವಿ ತಗೊಳ್ಳೋಣವಾ? ಮನೆಯಲ್ಲಿ ಆರು ಜನ, ಅಮ್ಮನಿಗೆ ಮಂಡಿನೋವು

ತುಂಗೆಯ ದಡ (ಶಿವಮೊಗ್ಗ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ ಸಲಹೆ ಕೊಡಿ.

ನಮ್ಮ ಮನೆಯಲ್ಲಿ ಆರು ಜನ. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು, ಏಳು ವರ್ಷದ ಮಗ, ಅಪ್ಪ, ಅಮ್ಮ. ಈಗ ಎರಡು ಕಾರು ಇವೆ. ಒಂದು 2010ರ ವ್ಯಾಗನ್‌ಆರ್ ಪೆಟ್ರೋಲ್, ಅಪ್ಪ ರಿಟೈರ್ ಆದ ವರ್ಷ ತಗೊಂಡಿದ್ದು, 92 ಸಾವಿರ ಕಿಲೋಮೀಟರ್ ಓಡಿದೆ. ಇನ್ನೊಂದು ನನ್ನ 2013ರ ಸ್ವಿಫ್ಟ್ ಡೀಸೆಲ್, 1 ಲಕ್ಷ 68 ಸಾವಿರ ಆಗಿದೆ. ವ್ಯಾಗನ್‌ಆರ್‌ನ ಆರ್‌ಸಿ ಬರುವ ಡಿಸೆಂಬರ್‌ಗೆ ಹದಿನೈದು ವರ್ಷ ತುಂಬಿ ಮುಗಿಯುತ್ತದೆ. ಸ್ವಿಫ್ಟ್‌ಗೆ ಕ್ಲಚ್, ಸಸ್ಪೆನ್ಷನ್ ಎಲ್ಲಾ ಸೇರಿ 65 ಸಾವಿರ ಆಗುತ್ತದೆ ಅಂತ ಮೆಕ್ಯಾನಿಕ್ ಹೇಳಿದ್ದಾರೆ. ಹಾಗಾಗಿ ಎರಡನ್ನೂ ಕೊಟ್ಟು ಒಂದೇ ದೊಡ್ಡ ಗಾಡಿ ತಗೊಂಡರೆ ಹೇಗೆ ಎಂಬ ಯೋಚನೆ.

ಬಳಕೆ ಹೀಗಿದೆ. ನನ್ನ ಆಫೀಸು ಊರೊಳಗೇ ನಾಲ್ಕು ಕಿಲೋಮೀಟರ್, ಸ್ವಿಫ್ಟ್‌ನಲ್ಲಿ ಹೋಗುತ್ತೇನೆ. ಹೆಂಡತಿ ಸಾಗರ ರಸ್ತೆಯಲ್ಲಿ ಹದಿನೆಂಟು ಕಿಲೋಮೀಟರ್ ಆಚೆಗಿನ ಹೈಸ್ಕೂಲಿನಲ್ಲಿ ಟೀಚರ್, ಅವಳು ದಿನಾ ವ್ಯಾಗನ್‌ಆರ್ ಓಡಿಸುತ್ತಾಳೆ. ತಿಂಗಳಿಗೆ ಎರಡು ಮೂರು ಸಲ ತೀರ್ಥಹಳ್ಳಿ ಹತ್ತಿರದ ನಮ್ಮ ತೋಟಕ್ಕೆ ಎಲ್ಲರೂ ಹೋಗುತ್ತೇವೆ. ವರ್ಷಕ್ಕೆ ನಾಲ್ಕೈದು ಸಲ ಅಮ್ಮನ ಮಂಡಿ ತೋರಿಸಲು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ. ಈಗ ಆರು ಜನ ಹೊರಟರೆ ಎರಡೂ ಕಾರು ತೆಗೆಯಬೇಕು. ಅಪ್ಪನಿಗೆ ಎಪ್ಪತ್ತೆರಡು, ಘಾಟಿಯಲ್ಲಿ ಹಿಂದೆ ಒಬ್ಬರೇ ವ್ಯಾಗನ್‌ಆರ್ ಓಡಿಸಿಕೊಂಡು ಬರುತ್ತಿದ್ದರೆ ನನ್ನ ಕಣ್ಣೆಲ್ಲಾ ಕನ್ನಡಿಯಲ್ಲೇ ಇರುತ್ತದೆ.

ಬಜೆಟ್ ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲಾ ಸೇರಿ (ಆನ್‌ರೋಡ್) 22 ಲಕ್ಷ, ಹಳೇ ಕಾರಿನ ದುಡ್ಡು ಸೇರಿಸಿ 24ರವರೆಗೆ ಎಳೆಯಬಹುದು. ತಲೆಯಲ್ಲಿರುವುದು ಸ್ಕಾರ್ಪಿಯೊ-ಎನ್, ಎಕ್ಸ್‌ಯುವಿ700, ಸಫಾರಿ, ಕ್ಯಾರೆನ್ಸ್ ಕ್ಲಾವಿಸ್, ಇನ್ನೋವಾ ಹೈಕ್ರಾಸ್ ಪೆಟ್ರೋಲ್. ಹೈಕ್ರಾಸ್ ಹೈಬ್ರಿಡ್ ನಮ್ಮ ಕೈಗೆ ಸಿಗುವುದಿಲ್ಲ. ಯಾವುದು ಸರಿ?

ಹಳೇ ಗ್ಯಾರೇಜ್ (ದಾವಣಗೆರೆ):

ಸರ್, ಇಪ್ಪತ್ತೆರಡು ವರ್ಷದಿಂದ ಗ್ಯಾರೇಜ್ ಇಟ್ಟಿದ್ದೇನೆ. ನೀವು ಯಾವ ಎಸ್‌ಯುವಿ ಅಂತ ಕೇಳಿದ್ದೀರಿ. ನಾನು ಮೊದಲು ನಿಮ್ಮ ಹಳೇ ಗಾಡಿಗಳ ಬಗ್ಗೆ ಹೇಳುತ್ತೇನೆ.

ಎರಡನ್ನೂ ಒಟ್ಟಿಗೆ ಕೊಡಬೇಡಿ. ನೀವಿಬ್ಬರೂ ಬೆಳಿಗ್ಗೆ ಒಂದೇ ಹೊತ್ತಿಗೆ ಬೇರೆ ಬೇರೆ ದಿಕ್ಕಿಗೆ ಹೊರಡುವವರು. ಒಂದೇ ಗಾಡಿ ಇಟ್ಟುಕೊಂಡರೆ ಮೊದಲ ವಾರವೇ ಗೊತ್ತಾಗುತ್ತದೆ. ಇಂಥ ಮೂರು ಮನೆ ನೋಡಿದ್ದೇನೆ. ಎರಡು ಚಿಕ್ಕದು ಕೊಟ್ಟು ದೊಡ್ಡದು ತಂದರು, ಆರು ತಿಂಗಳಲ್ಲಿ ಮತ್ತೊಂದು ಸೆಕೆಂಡ್‌ಹ್ಯಾಂಡ್ ಚಿಕ್ಕ ಕಾರು ಹುಡುಕಿಕೊಡಿ ಅಂತ ನನ್ನ ಹತ್ತಿರವೇ ಬಂದರು. ಕೊಟ್ಟ ಬೆಲೆಗೆ ಅಂಥ ಗಾಡಿ ವಾಪಸ್ ಸಿಗುವುದಿಲ್ಲ.

ಹಾಗಾದರೆ ಯಾವುದು ಕೊಡಬೇಕು? ಸ್ವಿಫ್ಟ್ ಕೊಡಿ. ಅದರ 1.3 ಲೀಟರ್ ಇಂಜಿನ್ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿತು. ಈಗಲೂ ಹಳ್ಳಿ ಕಡೆ ಆ ಸ್ವಿಫ್ಟ್ ಡೀಸೆಲ್ ಹುಡುಕಿಕೊಂಡು ಬರುತ್ತಾರೆ. ಕೆಲಸ ಮಾಡಿಸದೆ, ಇದ್ದ ಹಾಗೇ, ಏನೇನು ಆಗಬೇಕು ಅಂತ ಹೇಳಿ ಮಾರಿ. ನೀವು 65 ಸಾವಿರ ಖರ್ಚು ಮಾಡಿದರೂ ಬೆಲೆಯಲ್ಲಿ ಅಷ್ಟು ಏರುವುದಿಲ್ಲ.

ವ್ಯಾಗನ್‌ಆರ್ ಇಟ್ಟುಕೊಳ್ಳಿ. ಮಾರಲು ಹೋದರೆ ಹದಿನೈದು ವರ್ಷದ ಗಾಡಿಗೆ ಏನು ಸಿಗುತ್ತದೆ? ಆರ್‌ಸಿ ರಿನ್ಯೂವಲ್‌ಗೆ 5,000 ರೂಪಾಯಿ ಫೀಸು, ಅದರ ಮೇಲೆ ಗಾಡಿ ಓಡಲು ಯೋಗ್ಯ ಅಂತ ಪರೀಕ್ಷೆ ಮಾಡಿ ಕೊಡುವ ಎಫ್‌ಸಿ ಖರ್ಚು, ಗ್ರೀನ್ ಟ್ಯಾಕ್ಸ್. ಐದು ವರ್ಷಕ್ಕೆ ಸಿಗುತ್ತದೆ. ಮುಗಿಯುವ ಮುಂಚಿನ 60 ದಿನದ ಒಳಗೆ ಅರ್ಜಿ ಹಾಕಿ, ತಡವಾದರೆ ತಿಂಗಳಿಗೆ 500 ದಂಡ. ಎಫ್‌ಸಿಗೆ ಹೋಗುವ ಮುಂಚೆ ಹೆಡ್‌ಲೈಟ್, ಹಾರ್ನ್, ವೈಪರ್, ಹ್ಯಾಂಡ್‌ಬ್ರೇಕ್, ಟೈರು ನೋಡಿಕೊಳ್ಳಿ, ಎಮಿಷನ್ ಸರ್ಟಿಫಿಕೇಟ್ ಹೊಸದು ಮಾಡಿಸಿ. ಇನ್ನೊಂದು ಮಾತು, ಈಗ ಬಂಕ್‌ನಲ್ಲಿ ಬರುವುದು ಇಪ್ಪತ್ತು ಪರ್ಸೆಂಟ್ ಎಥೆನಾಲ್ ಇರುವ ಪೆಟ್ರೋಲ್. ನಿಮ್ಮದು ಅದಕ್ಕಾಗಿ ಮಾಡಿದ ಗಾಡಿ ಅಲ್ಲ. ಪೆಟ್ರೋಲ್ ಹೋಗುವ ರಬ್ಬರ್ ಪೈಪ್‌ಗಳನ್ನು ಕೈಯಲ್ಲಿ ಹಿಸುಕಿ ನೋಡಿ. ಗಟ್ಟಿಯಾಗಿದ್ದರೆ, ಮೇಲೆ ಸಣ್ಣ ಸಣ್ಣ ಬಿರುಕು ಕಂಡರೆ, ಅವತ್ತೇ ಬದಲಾಯಿಸಿ. ಸಾವಿರ ಎರಡು ಸಾವಿರದ ಕೆಲಸ, ಆದರೆ ಬೆಂಕಿ ತಪ್ಪಿಸುವ ಕೆಲಸ.

ಹೊಸ ಗಾಡಿ ಡೀಸೆಲ್ಲಾ ಪೆಟ್ರೋಲಾ ಅನ್ನುವುದು ಅದನ್ನು ಯಾರು ಓಡಿಸುತ್ತಾರೆ ಅನ್ನುವುದರ ಮೇಲಿದೆ. ನೀವು ದಿನಾ ನಾಲ್ಕು ಕಿಲೋಮೀಟರ್ ಓಡಿಸುವುದಾದರೆ ಡೀಸೆಲ್ ಬೇಡವೇ ಬೇಡ. ಈಗಿನ ಡೀಸೆಲ್‌ನಲ್ಲಿ ಹೊಗೆಯ ಮಸಿ ಹಿಡಿಯಲು ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಸೈಲೆನ್ಸರ್ ಚೆನ್ನಾಗಿ ಕಾಯಬೇಕು, ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಓಡಿಸಿದರೆ ಅದು ಕಟ್ಟಿಕೊಂಡು ಲೈಟ್ ಹತ್ತುತ್ತದೆ. ಆ ಲೈಟ್ ಹತ್ತಿಸಿಕೊಂಡು ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಜನ ಊರೊಳಗೆ ಮಾತ್ರ ಓಡಿಸುವವರು.

ಘಾಟಿ ದಾರಿ (ಉಡುಪಿ):

ನನ್ನ ಹತ್ತಿರ ಸ್ಕಾರ್ಪಿಯೊ-ಎನ್ ಇದೆ, ಎರಡು ವರ್ಷ ಆಯಿತು. ಗಾಡಿ ಮೇಲೆ ನನಗೆ ತುಂಬಾ ಪ್ರೀತಿ. ಆದರೂ ನಿಮ್ಮ ಮನೆಗೆ ಬೇಡ ಅನ್ನುತ್ತೇನೆ.

ಕಾರಣ ಒಂದು, ಎತ್ತರ. ಇದು ಲಾರಿ ಥರ ಚಾಸಿಸ್ ಮೇಲೆ ಬಾಡಿ ಕೂರಿಸಿದ ಗಾಡಿ. ನೆಲ ಎತ್ತರದಲ್ಲಿರುತ್ತದೆ. ನಮ್ಮ ಅತ್ತೆಗೂ ಮಂಡಿನೋವು. ಹತ್ತುವಾಗ ಎಡಗಾಲು ಫುಟ್‌ಸ್ಟೆಪ್ ಮೇಲೆ ಇಟ್ಟು, ಒಳಗಿನ ಹಿಡಿ ಹಿಡಿದು, ಇಡೀ ಮೈಭಾರ ಒಂದೇ ಮಂಡಿಯ ಮೇಲೆ ಹಾಕಿ ಮೇಲೇಳಬೇಕು. ಇಳಿಯುವುದು ಇನ್ನೂ ಕಷ್ಟ, ಕಾಲು ನೆಲಕ್ಕೆ ಸಿಗುವ ತನಕ ಜಾರಬೇಕು. ಮೊದಲ ಸಲ ನಾನು ಹಿಂದೆ ನಿಂತು ಕೈ ಕೊಟ್ಟೆ. ಆಮೇಲೆ ಅವರು ಎಲ್ಲಿಗೆ ಕರೆದರೂ "ನೀವು ಹೋಗಿಬನ್ನಿ" ಅನ್ನಲು ಶುರು ಮಾಡಿದರು. ಗಾಡಿಯಿಂದಾಗಿ ಹೀಗೆ ಅಂತ ನಮಗೆ ಗೊತ್ತಾಗಲು ಮೂರು ತಿಂಗಳು ಬೇಕಾಯಿತು.

ಕಾರಣ ಎರಡು, ಹಿಂದಿನ ಸಾಲು. ಮೂರನೇ ಸಾಲು ಹಿಂದಿನ ಚಕ್ರದ ಮೇಲೇ ಬರುತ್ತದೆ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಅಲ್ಲಿ ಕೂತವರಿಗೆ ಉಳಿದವರಿಗಿಂತ ಜಾಸ್ತಿ ಓಲಾಟ. ನಮ್ಮ ಮಗಳು ಅಲ್ಲಿ ಕೂತು ನಾಲ್ಕನೇ ತಿರುವು ದಾಟುವುದರೊಳಗೆ ವಾಂತಿ ಮಾಡಿದಳು. ಮುಂದಿನ ಸಲ ಅವಳನ್ನು ಮಧ್ಯದ ಸಾಲಿಗೆ ಕರೆದುಕೊಂಡೆವು, ಏನೂ ಆಗಲಿಲ್ಲ. ಮಕ್ಕಳು ಹಿಂದೆ ಕೂತರೆ ಸಾಕು ಅಂತ ಕಾಗದದ ಮೇಲೆ ಲೆಕ್ಕ ಹಾಕಬೇಡಿ, ನಿಮ್ಮ ಮಕ್ಕಳನ್ನೇ ಕೂರಿಸಿ ಘಾಟಿಯಲ್ಲದಿದ್ದರೂ ತಿರುವಿನ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ನೋಡಿ.

ಮೂರನೇದು ಸಾಮಾನು. ಮೂರನೇ ಸಾಲು ಎತ್ತಿದರೆ ಡಿಕ್ಕಿಯಲ್ಲಿ ಎರಡು ಶಾಲೆ ಬ್ಯಾಗ್ ಇಡಬಹುದು, ಅಷ್ಟೇ. ನೀವು ತೋಟದಿಂದ ಬರುವವರು. ಬಾಳೆಗೊನೆ, ತೆಂಗಿನಕಾಯಿ, ಹಲಸು ಎಲ್ಲಿಡುತ್ತೀರಿ? ಈ ವಿಷಯದಲ್ಲಿ ಹೈಕ್ರಾಸ್ ಎಲ್ಲಕ್ಕಿಂತ ಒಳ್ಳೆಯದು, ಏಳೂ ಸೀಟು ಎತ್ತಿದ ಮೇಲೂ 300 ಲೀಟರ್ ಜಾಗ. ಹತ್ತಿ ಇಳಿಯುವುದೂ ಸುಲಭ, ನೆಲ ತಗ್ಗಿನಲ್ಲಿದೆ. ಕ್ಯಾರೆನ್ಸ್‌ನಲ್ಲಿ 216 ಲೀಟರ್. ನಿಮ್ಮ ತೋಟದ ರಸ್ತೆ ಹೇಗಿದೆ ಅನ್ನುವುದನ್ನು ಮಾತ್ರ ಯೋಚಿಸಿ. ಹೈಕ್ರಾಸ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2,850 ಮಿಲಿಮೀಟರ್ ಅಂತರ. ಮಧ್ಯೆ ದಿಬ್ಬ ಎದ್ದಿರುವ ಮಣ್ಣುರಸ್ತೆಯಲ್ಲಿ ಏಳು ಜನ ಕೂತರೆ ಹೊಟ್ಟೆ ತಾಗಬಹುದು. ಮುಂದಿನ ಚಕ್ರ ಎಳೆಯುವ ಗಾಡಿ ಬೇರೆ, ಮಳೆಗಾಲದ ಕೆಸರಿನ ಏರಿನಲ್ಲಿ ಹಿಂದೆ ಭಾರ ಜಾಸ್ತಿ ಇದ್ದರೆ ಚಕ್ರ ಸುಮ್ನೆ ತಿರುಗುತ್ತದೆ.

ತುಂಗೆಯ ದಡ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತೋಟದ ರಸ್ತೆ ಕೊನೆಯ ಮುನ್ನೂರು ಮೀಟರ್ ಬಿಟ್ಟರೆ ಕಾಂಕ್ರೀಟ್ ಆಗಿದೆ. ಆ ಮುನ್ನೂರು ಮೀಟರ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೀಪಿಗೆ ಮಾತ್ರ. ನಾವು ಹೇಗೂ ರಸ್ತೆ ಪಕ್ಕದ ಮನೆಯವರ ಅಂಗಳದಲ್ಲಿ ಕಾರು ನಿಲ್ಲಿಸಿ ನಡೆದೇ ಹೋಗುತ್ತೇವೆ. ಅಮ್ಮ ಮಳೆಗಾಲದಲ್ಲಿ ಬರುವುದಿಲ್ಲ.

ಗ್ಯಾರೇಜ್ ಅಣ್ಣ ಹೇಳಿದಂತೆ ವ್ಯಾಗನ್‌ಆರ್ ಇಟ್ಟುಕೊಳ್ಳೋಣ ಅಂತ ಮನೆಯಲ್ಲಿ ಹೇಳಿದೆ. ಅಪ್ಪನ ಮುಖ ಅರಳಿತು. ಅವರು ಏನೂ ಹೇಳಿರಲಿಲ್ಲ, ಆದರೆ ಆ ಕಾರು ಹೋಗುತ್ತದೆ ಅಂತ ಎರಡು ವಾರದಿಂದ ದಿನಾ ಬೆಳಿಗ್ಗೆ ತಾವೇ ಒರೆಸುತ್ತಿದ್ದರು. ಹಾಗಾದರೆ ಹೆಂಡತಿ ವ್ಯಾಗನ್‌ಆರ್‌ನಲ್ಲೇ ಶಾಲೆಗೆ ಹೋಗಲಿ, ನಾನು ಆಫೀಸಿಗೆ ಸ್ಕೂಟರ್‌ನಲ್ಲಿ ಹೋಗುತ್ತೇನೆ, ದೊಡ್ಡ ಗಾಡಿ ವಾರದ ಕೊನೆಗೆ. ವರ್ಷಕ್ಕೆ ಒಂಬತ್ತು ಸಾವಿರ ಕಿಲೋಮೀಟರ್ ಓಡಬಹುದು. ಹಾಗಿದ್ದರೆ ಹೈಕ್ರಾಸ್ ಪೆಟ್ರೋಲ್ ಸಾಕಲ್ವಾ?

ಬಿಳಿ ಚಾಕ್ (ಹಾಸನ):

ಸರ್, ನಾನೂ ಟೀಚರ್. ಹಾಸನದಿಂದ ದಿನಾ ಹೋಗಿ ಬರಲು 44 ಕಿಲೋಮೀಟರ್, ಹನ್ನೆರಡು ವರ್ಷದಿಂದ ನಾನೇ ಓಡಿಸುತ್ತಿದ್ದೇನೆ. ನಿಮ್ಮ ಕೊನೆಯ ಮಾತು ಓದಿ ಬೇಜಾರಾಯಿತು, ಅದಕ್ಕೇ ನೇರವಾಗಿ ಬರೆಯುತ್ತೇನೆ.

ನಿಮ್ಮ ಮನೆಯಲ್ಲಿ ಹೈವೇಯಲ್ಲಿ ಅತಿ ಹೆಚ್ಚು ಓಡಾಡುವವರು ಯಾರು? ನಿಮ್ಮ ಹೆಂಡತಿ. ದಿನಾ 36 ಕಿಲೋಮೀಟರ್, ಎದುರಿಗೆ ಬಸ್ಸು, ಲಾರಿ. 2010ರ ವ್ಯಾಗನ್‌ಆರ್‌ನಲ್ಲಿ ಏರ್‌ಬ್ಯಾಗ್ ಇದೆಯಾ ನೋಡಿ. ಆ ಕಾಲದ ಚಿಕ್ಕ ಕಾರುಗಳಲ್ಲಿ ಹೆಚ್ಚಿನವಕ್ಕೆ ಇರಲಿಲ್ಲ, ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕೂಡ ಇರಲಿಲ್ಲ. ನೀವು ಸುರಕ್ಷತೆಯಲ್ಲಿ ಐದು ಸ್ಟಾರ್ ಇರುವ ಗಾಡಿ ತಂದು ಪೋರ್ಟಿಕೊದಲ್ಲಿ ಕವರ್ ಹಾಕಿ ನಿಲ್ಲಿಸುತ್ತೀರಿ, ಅವರು ಏರ್‌ಬ್ಯಾಗ್ ಇಲ್ಲದ ಹದಿನೈದು ವರ್ಷದ ಗಾಡಿಯಲ್ಲಿ ಮಳೆಯಲ್ಲಿ ಒಬ್ಬರೇ ಹೋಗುತ್ತಾರೆ. ಇದು ಸರಿಯಲ್ಲ ಸರ್. ಹೊಸ ಗಾಡಿ ಅವರದ್ದಾಗಲಿ. ವ್ಯಾಗನ್‌ಆರ್ ನಿಮಗೆ, ನಾಲ್ಕು ಕಿಲೋಮೀಟರ್ ಆಫೀಸಿಗೆ, ಮಾರ್ಕೆಟ್‌ಗೆ, ಅಪ್ಪನ ಸಂಜೆಯ ಸುತ್ತಾಟಕ್ಕೆ.

ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ಐದು ವರ್ಷದ ಹಿಂದೆ ಆಲೂರಿನ ಹತ್ತಿರ ಒಂದು ಟ್ರ್ಯಾಕ್ಟರ್ ಪಕ್ಕದ ರಸ್ತೆಯಿಂದ ನೋಡದೆ ನುಗ್ಗಿತು. ನಾನು ಬ್ರೇಕ್ ತುಳಿದೆ, ಚಕ್ರ ಕಚ್ಚಿಕೊಂಡು ಕಾರು ನೇರ ಜಾರಿತು, ಸ್ಟೀರಿಂಗ್ ತಿರುಗಿಸಿದರೂ ಕೇಳಲಿಲ್ಲ. ಟ್ರೇಲರ್‌ನ ಮೂಲೆಗೆ ಬಾನೆಟ್ ತಾಗಿ ನಿಂತಿತು. ನನಗೆ ಕಾಲರ್‌ಬೋನ್ ಮುರಿಯಿತು, ಅಷ್ಟಕ್ಕೇ ಉಳಿದೆ. ಎಬಿಎಸ್ ಇದ್ದಿದ್ದರೆ ಎಡಕ್ಕೆ ತಿರುಗಿಸಿ ತಪ್ಪಿಸಿಕೊಳ್ಳಬಹುದಿತ್ತು. ಅವತ್ತು ನಮ್ಮ ಮನೆಯ ಹೊಸ ಕಾರು ಮನೆಯಲ್ಲೇ ಇತ್ತು.

ಇನ್ನೊಂದು. ನೀವು ಗಾಡಿ ನೋಡಲು ಹೋದಾಗ ಡ್ರೈವಿಂಗ್ ಸೀಟಿನಲ್ಲಿ ಮೊದಲು ಅವರು ಕೂರಲಿ. ಬಾನೆಟ್‌ನ ತುದಿ ಕಾಣುತ್ತದಾ, ಸೀಟು ಮುಂದೆ ಎಳೆದ ಮೇಲೆ ಕಾಲು ಬ್ರೇಕಿಗೆ ಪೂರ್ತಿ ಸಿಗುತ್ತದಾ, ಶಾಲೆಯ ಹತ್ತಿರದ ಸಂದಿಯಲ್ಲಿ ತಿರುಗಿಸಲು ಧೈರ್ಯ ಬರುತ್ತದಾ ಅಂತ ಅವರೇ ಹೇಳಬೇಕು. ನಾನು ಮೊದಲ ಷೋರೂಮ್‌ಗೆ ಹೋದಾಗ ಸೇಲ್ಸ್‌ನ ಹುಡುಗ ಬೀಗದ ಕೈ ನಮ್ಮ ಯಜಮಾನರಿಗೆ ಕೊಟ್ಟ. "ಮೇಡಂ, ನೀವು ಹಿಂದೆ ಕಂಫರ್ಟ್ ನೋಡಿ" ಅಂದ. ನಾವು ಅಲ್ಲಿಂದ ಎದ್ದು ಬಂದೆವು.

ಕೊನೆಗೆ ಅಮ್ಮನ ವಿಷಯ. ಎಲ್ಲರೂ ಎರಡನೇ ಸಾಲು, ಮೂರನೇ ಸಾಲು ಅಂತ ಬರೆದಿದ್ದಾರೆ. ಮಂಡಿನೋವಿನವರಿಗೆ ಮುಂದಿನ ಸೀಟೇ ಸರಿ. ಆ ಬಾಗಿಲು ಅಗಲ ತೆರೆಯುತ್ತದೆ, ಸೀಟು ಹಿಂದಕ್ಕೆ ಸರಿಸಿದರೆ ಕಾಲು ಚಾಚಬಹುದು, ಘಾಟಿಯಲ್ಲಿ ತಲೆ ಸುತ್ತುವುದೂ ಕಡಿಮೆ. ಕೂರುವಾಗ ಕಾಲು ಮೊದಲು ಒಳಗಿಡಬಾರದು. ಹಿಂದಕ್ಕೆ ತಿರುಗಿ, ಸೀಟಿನ ಅಂಚಿಗೆ ಮೊದಲು ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸಬೇಕು. ಹಾಗೆ ಕೂರಲು ಸೀಟು ಅವರ ಸೊಂಟದ ಮಟ್ಟಕ್ಕೆ ಇರಬೇಕು, ಮೇಲೂ ಅಲ್ಲ ಕೆಳಗೂ ಅಲ್ಲ. ನಮ್ಮ ಅಮ್ಮನಿಗೆ ಫಿಸಿಯೊಥೆರಪಿಯವರು ಕಲಿಸಿದ್ದು ಇದು.

ಲೆಕ್ಕದ ಪುಸ್ತಕ (ಬೆಂಗಳೂರು):

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಅದರಿಂದ ನಿಮ್ಮ ಇಂಧನದ ಲೆಕ್ಕವೂ ಬದಲಾಗುತ್ತದೆ, ನೋಡಿ.

ಹೊಸ ಗಾಡಿ ಶಾಲೆಗೆ ಹೋದರೆ ತಿಂಗಳಿಗೆ ಸುಮಾರು 800 ಕಿಲೋಮೀಟರ್ ಅಲ್ಲೇ ಆಯಿತು. ತೋಟ, ಮಣಿಪಾಲ ಸೇರಿ ವರ್ಷಕ್ಕೆ 17 ಸಾವಿರ ಅಂತ ಇಟ್ಟುಕೊಳ್ಳಿ. ಲೆಕ್ಕಕ್ಕೆ ಪೆಟ್ರೋಲ್ 103, ಡೀಸೆಲ್ 91 ಅಂತ ಹಿಡಿಯೋಣ. ದೊಡ್ಡ ಪೆಟ್ರೋಲ್ ಗಾಡಿ ಲೀಟರಿಗೆ 11 ಕೊಟ್ಟರೆ ವರ್ಷಕ್ಕೆ 1 ಲಕ್ಷ 59 ಸಾವಿರ. ಡೀಸೆಲ್ 14 ಕೊಟ್ಟರೆ 1 ಲಕ್ಷ 10 ಸಾವಿರ. ವರ್ಷಕ್ಕೆ 49 ಸಾವಿರ ಉಳಿತಾಯ. ನೀವು ಮೊದಲು ಅಂದುಕೊಂಡ ಒಂಬತ್ತು ಸಾವಿರ ಕಿಲೋಮೀಟರ್‌ಗಾದರೆ ಇದರ ಅರ್ಧದಷ್ಟು ಮಾತ್ರ ಉಳಿಯುತ್ತಿತ್ತು, ಆಗ ಪೆಟ್ರೋಲ್ ಸಾಕು ಅನ್ನುತ್ತಿದ್ದೆ. ಹದಿನೆಂಟು ಕಿಲೋಮೀಟರ್ ಹೈವೇ ಓಟ ಇರುವುದರಿಂದ ಡಿಪಿಎಫ್ ಕಟ್ಟುವ ಹೆದರಿಕೆಯೂ ಇಲ್ಲ. ಹೊಗೆ ಶುದ್ಧ ಮಾಡಲು ಆಡ್‌ಬ್ಲೂ ಅನ್ನುವ ದ್ರವ ಹಾಕುವ ಗಾಡಿಯಾದರೆ ಅದನ್ನು ಖಾಲಿಯಾಗಲು ಬಿಡಬೇಡಿ. ಪೂರ್ತಿ ಖಾಲಿಯಾದರೆ ಆಫ್ ಮಾಡಿದ ಮೇಲೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ.

ಟ್ಯಾಕ್ಸ್. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಗಾಡಿಗೆ ಲೈಫ್‌ಟೈಮ್ ಟ್ಯಾಕ್ಸ್ 17 ಪರ್ಸೆಂಟ್, 20 ದಾಟಿದರೆ 18. ಅದರ ಮೇಲೆ ಸೆಸ್ ಸೇರಿ ಹತ್ತಿರ ಹತ್ತಿರ 19, 20 ಬೀಳುತ್ತದೆ. 19 ಲಕ್ಷದ ಗಾಡಿಗೆ ಟ್ಯಾಕ್ಸೇ ಮೂರೂವರೆ ಲಕ್ಷಕ್ಕಿಂತ ಜಾಸ್ತಿ. ಹಾಗಾಗಿ 24ರ ಒಳಗೆ ಮುಗಿಸಬೇಕಾದರೆ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ ಎಕ್ಸ್-ಷೋರೂಮ್ ಬೆಲೆ 19ರ ಒಳಗೆ ಇರುವುದನ್ನು ಹುಡುಕಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲೆ ಜಿಎಸ್‌ಟಿ, ಸೆಸ್ ಸೇರಿ 50 ಇದ್ದದ್ದು 40ಕ್ಕೆ ಇಳಿದಿದೆ. ಹಳೇ ವಿಡಿಯೊಗಳಲ್ಲಿ ಹೇಳುವ ಬೆಲೆ ನಂಬಬೇಡಿ, ಹೊಸ ಕೊಟೇಷನ್ ಬರೆಸಿಕೊಳ್ಳಿ.

ಇನ್ಶೂರೆನ್ಸ್‌ನಲ್ಲಿ ಬಹಳ ಜನ ಬಿಟ್ಟುಬಿಡುವ ದುಡ್ಡು ಒಂದಿದೆ. ಸ್ವಿಫ್ಟ್‌ಗೆ ಐದು ವರ್ಷ ಕ್ಲೇಮ್ ಮಾಡಿಲ್ಲವಾದರೆ ನಿಮಗೆ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ ಇರುತ್ತದೆ. ಅದು ಗಾಡಿಯದ್ದಲ್ಲ, ನಿಮ್ಮದು. ಸ್ವಿಫ್ಟ್ ಮಾರಿದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಈ ಬೋನಸ್‌ನ (ಎನ್‌ಸಿಬಿ) ಲೆಟರ್ ತಗೊಳ್ಳಿ, ಮೂರು ವರ್ಷ ನಡೆಯುತ್ತದೆ. ಹೊಸ ಗಾಡಿಯ ಓನ್ ಡ್ಯಾಮೇಜ್, ಅಂದರೆ ನಮ್ಮದೇ ಗಾಡಿಗೆ ಆಗುವ ಹಾನಿಯ ಪ್ರೀಮಿಯಂನಲ್ಲಿ ಅರ್ಧ ಇಳಿಯುತ್ತದೆ. ಒಂದು ವಿಷಯ, ಸ್ವಿಫ್ಟ್ ಪಾಲಿಸಿ ಯಾರ ಹೆಸರಿನಲ್ಲಿದೆಯೋ ಹೊಸ ಗಾಡಿಯೂ ಅವರ ಹೆಸರಿನಲ್ಲೇ ಇರಬೇಕು.

ಸ್ವಿಫ್ಟ್ ಮಾರುವಾಗ ಹುಷಾರು. ನಾನು 2019ರಲ್ಲಿ ನನ್ನ ಹಳೇ ಕಾರು ಒಬ್ಬ ಬ್ರೋಕರ್‌ಗೆ ಕೊಟ್ಟೆ. ಗಾಡಿ ಬೇರೆಯವರ ಹೆಸರಿಗೆ ಮಾಡುವ ಫಾರ್ಮ್ 29, 30ಕ್ಕೆ ಖಾಲಿ ಸಹಿ ಹಾಕಿಸಿಕೊಂಡರು, "ವಾರದಲ್ಲಿ ಟ್ರಾನ್ಸ್‌ಫರ್ ಆಗುತ್ತದೆ ಸರ್" ಅಂದರು. ಎರಡು ವರ್ಷ ನನ್ನ ಹೆಸರಿನಲ್ಲೇ ಓಡಿತು. ಸಿಗ್ನಲ್ ಜಂಪ್, ಸ್ಪೀಡು ಅಂತ ಹನ್ನೊಂದು ಚಲನ್ ನನ್ನ ಫೋನಿಗೆ ಬಂದವು. ಒಂದು ದಿನ ಪೊಲೀಸ್ ಸ್ಟೇಷನ್‌ನಿಂದ ಫೋನ್ ಬಂತು, ಆ ಕಾರು ಒಬ್ಬರಿಗೆ ಗುದ್ದಿ ನಿಲ್ಲಿಸದೆ ಹೋಗಿತ್ತು. ಅವತ್ತು ಸ್ಟೇಷನ್‌ನಲ್ಲಿ ಕೂತ ನಾಲ್ಕು ಗಂಟೆ ನನಗೆ ಇವತ್ತಿಗೂ ಮರೆತಿಲ್ಲ. ಕೊಡುವ ದಿನ ತಾರೀಕು, ಗಂಟೆ ಹಾಕಿದ ಡೆಲಿವರಿ ನೋಟ್ ಬರೆಸಿ, ಅವರ ಆಧಾರ್ ಪ್ರತಿ ತಗೊಳ್ಳಿ, ಫಾಸ್ಟ್‌ಟ್ಯಾಗ್ ಕ್ಲೋಸ್ ಮಾಡಿ, ಆರ್‌ಸಿ ಅವರ ಹೆಸರಿಗೆ ಆಗುವ ತನಕ ಅವರ ಸ್ವಲ್ಪ ದುಡ್ಡು ಡೆಪಾಸಿಟ್ ಆಗಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಘಾಟಿ ದಾರಿ:

ಮೇಡಂ ಹೇಳಿದ ಮುಂದಿನ ಸೀಟಿನ ಮಾತು ನಮಗೆ ಹೊಳೆದೇ ಇರಲಿಲ್ಲ. ನಾಳೆಯೇ ಅತ್ತೆಯನ್ನು ಹಾಗೆ ಕೂರಿಸಿ ನೋಡುತ್ತೇನೆ.

ಡೀಸೆಲ್ ಅಂತ ಆದರೆ ಉಳಿಯುವುದು ಎಕ್ಸ್‌ಯುವಿ700, ಸಫಾರಿ, ಕ್ಲಾವಿಸ್. ಓಡಿಸಲು ಸುಲಭ ಕ್ಲಾವಿಸ್, ಅಗಲ 1,800 ಮಿಲಿಮೀಟರ್ ಮಾತ್ರ. ಆದರೆ ಅದಕ್ಕೂ ಮುಂಚಿನ ಹಳೇ ಕ್ಯಾರೆನ್ಸ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಕ್ರ್ಯಾಶ್ ಟೆಸ್ಟ್‌ನಲ್ಲಿ ಐದಕ್ಕೆ ಮೂರು ಸ್ಟಾರ್ ಬಂದಿತ್ತು. ಎಕ್ಸ್‌ಯುವಿ700ಗೆ 2021ರಲ್ಲಿ ದೊಡ್ಡವರಿಗೆ ಐದು, ಮಕ್ಕಳಿಗೆ ನಾಲ್ಕು. ಸಫಾರಿಗೆ 2023ರಲ್ಲಿ ಐದು. ಯಾವುದೇ ತಗೊಂಡರೂ ನೀವು ಬುಕ್ ಮಾಡುವ ವೇರಿಯಂಟ್‌ನಲ್ಲಿ ಏರ್‌ಬ್ಯಾಗ್ ಎಷ್ಟು ಅಂತ ಬ್ರೋಷರ್‌ನಲ್ಲಿ ಬೆರಳಿಟ್ಟು ನೋಡಿ.

ತುಂಗೆಯ ದಡ:

ಹದಿನೈದು ದಿನ ಆಯಿತು, ಏನಾಯಿತು ಅಂತ ಹೇಳದೆ ಇದ್ದರೆ ತಪ್ಪಾಗುತ್ತದೆ.

ಬಿಳಿ ಚಾಕ್ ಮೇಡಂ, ನಿಮ್ಮ ಉತ್ತರವನ್ನು ಹೆಂಡತಿಗೆ ತೋರಿಸಿದೆ. ಅವಳು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಮಳೆಗಾಲದಲ್ಲಿ ಎದುರಿಂದ ಲಾರಿ ಬಂದಾಗ ಸ್ಟೀರಿಂಗ್ ಗಟ್ಟಿ ಹಿಡಿದು ಉಸಿರು ಬಿಗಿಹಿಡಿಯುತ್ತೇನೆ, ಎಷ್ಟೋ ವರ್ಷದಿಂದ ಹೀಗೇ, ಅಂದಳು. ನನಗೆ ಇದು ಗೊತ್ತೇ ಇರಲಿಲ್ಲ.

ಶನಿವಾರ ಆರೂ ಜನ ಹೋಗಿ ಮೂರು ಗಾಡಿ ನೋಡಿದೆವು. ಓಡಿಸಿದ್ದು ಅವಳೇ. ಸಫಾರಿ ಅವಳಿಗೆ ತುಂಬಾ ಅಗಲ ಅನ್ನಿಸಿತು, 1,922 ಮಿಲಿಮೀಟರ್. ಕ್ಲಾವಿಸ್ ಕೈಗೆ ಹಗುರ, ಇಷ್ಟವೂ ಆಯಿತು, ಆದರೆ ಸ್ಟಾರ್ ವಿಷಯ ಅವಳ ಮನಸ್ಸಿನಲ್ಲಿ ಕೂತಿತ್ತು. ಎಕ್ಸ್‌ಯುವಿ700 ಡೀಸೆಲ್ ಆಟೋಮ್ಯಾಟಿಕ್ ಅನ್ನು ಸಾಗರ ರಸ್ತೆಯಲ್ಲಿ ಅವಳ ಶಾಲೆಯ ಗೇಟಿನ ತನಕ ಓಡಿಸಿ, ಅಲ್ಲೇ ತಿರುಗಿಸಿಕೊಂಡು ಬಂದಳು. ಮೊದಲ ಐದು ಕಿಲೋಮೀಟರ್ ಮಾತಾಡಲಿಲ್ಲ, ಆಮೇಲೆ ಅಮ್ಮನ ಜೊತೆ ಹರಟುತ್ತಾ ಓಡಿಸಿದಳು.

ಅಮ್ಮನನ್ನು ಮುಂದೆ ಕೂರಿಸಿದ್ದೆವು. ನೀವು ಹೇಳಿದಂತೆ ತಿರುಗಿ ನಿಂತು ಸೀಟಿನ ಅಂಚಿಗೆ ಕೂತು ಕಾಲು ಒಳಗೆ ತಿರುಗಿಸಿದರು. ಮೊದಲ ಸಲ ಸೀಟು ಎರಡು ಬೆರಳಷ್ಟು ಎತ್ತರ ಅನ್ನಿಸಿತು. ಫುಟ್‌ಸ್ಟೆಪ್ ಹಾಕಿದ ಗಾಡಿಯಲ್ಲಿ ನೋಡಿದೆವು, ಅದು ಕಾಲಿಗೆ ಅಡ್ಡ ಬಂತು. ಹಾಗಾಗಿ ಫುಟ್‌ಸ್ಟೆಪ್ ಬೇಡ ಅಂದೆವು. ಎರಡನೇ ಸಲ ಇಳಿಯುವಾಗ ನಾನು ಕೈ ಚಾಚಿದೆ, ಅಮ್ಮ ಹಿಡಿಯಲಿಲ್ಲ, ಬಾಗಿಲಿನ ಹಿಡಿ ಹಿಡಿದು ತಾವೇ ಇಳಿದು ಸೀರೆ ಸರಿಮಾಡಿಕೊಂಡರು.

ಕೂರುವ ವ್ಯವಸ್ಥೆ ಹೀಗೆ. ಮಧ್ಯದಲ್ಲಿ ಅಪ್ಪ, ಮಗ, ನಾನು. ಹಿಂದೆ ಮಗಳು ಒಬ್ಬಳೇ, ಅವಳಿಗೆ ಕಿಟಕಿ ಸಿಕ್ಕರೆ ಸಾಕು. ಹಿಂದಿನ ಸಾಲು ಅರ್ಧ ಅರ್ಧ ಮಡಚಬಹುದು. ಅವಳ ಪಕ್ಕದ್ದು ಮಡಚಿ ಅಲ್ಲಿ ಬಾಳೆಗೊನೆ, ಬ್ಯಾಗು. ಘಾಟಿಯಲ್ಲಿ ಅವಳಿಗೆ ಹೇಗಾಗುತ್ತದೆ ಅನ್ನುವುದು ಇನ್ನೂ ನೋಡಬೇಕು. ಆಗದಿದ್ದರೆ ನಾನೇ ಹಿಂದೆ ಕೂರುತ್ತೇನೆ.

ಮನೆಗೆ ಬಂದು ಟೇಪ್ ಹಿಡಿದೆವು. ಗೇಟು ಏಳೂಕಾಲು ಅಡಿ. ಕನ್ನಡಿ ಮಡಚಿದರೆ ಎರಡೂ ಕಡೆ ಅರ್ಧ ಅಡಿ ಉಳಿಯುತ್ತದೆ. ಪೋರ್ಟಿಕೊ ಹದಿನಾರೂವರೆ ಅಡಿ, ಗಾಡಿಯ ಉದ್ದ ಹದಿನೈದೂವರೆ ಹತ್ತಿರ. ಅಮ್ಮ ತಮ್ಮ ದಾಸವಾಳದ ಕುಂಡಗಳನ್ನು ತಾವೇ ಹೇಳಿ ಹಿತ್ತಲಿಗೆ ಹಾಕಿಸಿದರು. ವ್ಯಾಗನ್‌ಆರ್ ಹೊರಗೆ ಬೇವಿನ ಮರದ ಕೆಳಗೆ.

ಸ್ವಿಫ್ಟ್ ಅನ್ನು ನಮ್ಮ ಆಫೀಸಿನ ಒಬ್ಬರು ತಗೊಳ್ಳುತ್ತಿದ್ದಾರೆ, ಟ್ರಾನ್ಸ್‌ಫರ್‌ಗೆ ಇಬ್ಬರೂ ಒಟ್ಟಿಗೆ ಆರ್‌ಟಿಒಗೆ ಹೋಗುತ್ತೇವೆ. ಪಾಲಿಸಿ ನನ್ನ ಹೆಸರಿನಲ್ಲಿದೆ, ಹೊಸ ಗಾಡಿ ಹೆಂಡತಿಯ ಹೆಸರಿಗೆ ಮಾಡಿಸುತ್ತಿದ್ದೇನೆ, ಹಾಗಾಗಿ ಬೋನಸ್ ಹೋಗುತ್ತದೆ. ಹೋಗಲಿ, ಗಾಡಿ ಅವಳದ್ದು.

ಹಳೇ ಗ್ಯಾರೇಜ್ ಅಣ್ಣ, ಒಂದು ಕೊನೆಯ ಪ್ರಶ್ನೆ. ವ್ಯಾಗನ್‌ಆರ್‌ನ ಪೆಟ್ರೋಲ್ ಪೈಪ್ ಹಿಸುಕಿ ನೋಡಿದೆ, ಟ್ಯಾಂಕ್ ಕಡೆಯದು ಗಟ್ಟಿಯಾಗಿದೆ. ಟ್ಯಾಂಕ್ ಇಳಿಸಿಯೇ ಬದಲಾಯಿಸಬೇಕಾ?

ಹಳೇ ಗ್ಯಾರೇಜ್:

ಇಳಿಸಿಯೇ ಮಾಡಿಸಿ ಸರ್. ಇಳಿಸಿದಾಗ ಒಳಗೆ ತುಕ್ಕು, ನೀರು ಇದೆಯಾ ನೋಡಿಸಿ, ಪಂಪ್‌ನ ಸೀಲೂ ಹೊಸದು ಹಾಕಿಸಿ. ಟ್ಯಾಂಕ್‌ನಲ್ಲಿ ಪೆಟ್ರೋಲ್ ಕಡಿಮೆ ಇರುವ ದಿನ ಕೊಂಡುಹೋಗಿ, ಕೆಲಸ ಬೇಗ ಆಗುತ್ತದೆ. ಅಪ್ಪನವರನ್ನೂ ಕರೆದುಕೊಂಡು ಹೋಗಿ, ಅವರು ಪಕ್ಕದಲ್ಲಿ ನಿಂತು ನೋಡಲಿ.